ದಿನದ ಓಡಾಟಕ್ಕೆ ವೇಗದ ಕಾರು: ನಾನು ಲೆಕ್ಕ ಹಾಕಿದ ಬಗೆ

ಹಲವು ವರ್ಷಗಳಿಂದ ನಾನು ಓಡಿಸುತ್ತಿರುವುದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 2013ರಲ್ಲಿ ಈ ಮಾದರಿ ಬಂದಾಗ ಸಣ್ಣ ಕಾರಿನಲ್ಲಿ ಇಷ್ಟು ಚುರುಕು ಅಪರೂಪವಾಗಿತ್ತು. ಇಂದಿನ ಅಳತೆಯಲ್ಲಿ ಅದು ಸಾಧಾರಣ. ಮಗಳು ದೊಡ್ಡವಳಾಗಿ ಹಿಂದಿನ ಸೀಟು ಇಕ್ಕಟ್ಟಾಗತೊಡಗಿದಾಗ ಕಾರು ಬದಲಿಸುವ ಮಾತು ಮನೆಯಲ್ಲಿ ಬಂತು. ಬದಲಿಸುವುದೇ ಆದರೆ ನಿಜವಾದ ಪರ್ಫಾರ್ಮೆನ್ಸ್ ಕಾರನ್ನೇ ಏಕೆ ಕೊಳ್ಳಬಾರದು ಎಂಬ ಆಸೆ ಮಾತ್ರ ನನ್ನದು.

ಮನಸ್ಸಿನಲ್ಲಿದ್ದವು ಮೂರು. 2025ರಲ್ಲಿ ಭಾರತಕ್ಕೆ ಬಂದ ಗಾಲ್ಫ್ ಜಿಟಿಐ ಮತ್ತು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಎರಡಕ್ಕೂ 2 ಲೀಟರ್ ಎಂಜಿನ್, 265 ಅಶ್ವಶಕ್ತಿ, 370 ನ್ಯೂಟನ್ ಮೀಟರ್ ಟಾರ್ಕ್. ಎರಡೂ ಪೂರ್ತಿ ಆಮದಾದವು, ಮೊದಲ ಕಂತಿನಲ್ಲಿ ಜಿಟಿಐ 150, ಆರ್‌ಎಸ್ 100 ಮಾತ್ರ. ನಮ್ಮಂಥವರು ಯೋಚಿಸಿ ಮುಗಿಸುವಷ್ಟರಲ್ಲಿ ಬುಕಿಂಗ್ ಮುಗಿದೇಹೋಗಿತ್ತು. ಮೂರನೆಯದು ಬಿಎಂಡಬ್ಲ್ಯು ಎಂ340ಐ. 2021ರಿಂದ ಚೆನ್ನೈ ಕಾರ್ಖಾನೆಯಲ್ಲೇ ಜೋಡಣೆಯಾಗುತ್ತಿರುವ ಈ ಕಾರಿಗೆ 3 ಲೀಟರಿನ ಆರು ಸಿಲಿಂಡರ್ ಎಂಜಿನ್, 387 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್; ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 4.4 ಸೆಕೆಂಡು ಎಂಬುದು ಕಂಪನಿ ಹೇಳುವ ಲೆಕ್ಕ. ಮೂರು–ನಾಲ್ಕು ವರ್ಷ ಓಡಿದ ಎಂ340ಐ ಕೊಂಡರೆ ಹೊಸ ಆರ್‌ಎಸ್‌ನ ಬೆಲೆಗೇ ಸಿಗುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ನಮ್ಮ ಭಾವನ ಬಳಿ ಅದೇ ಕಾರು ಇದ್ದುದರಿಂದ ಆಸೆಗೆ ಒಂದು ಆಧಾರವೂ ಇತ್ತು.

ಹೀಗಿರುವಾಗ ನಾನು ಮೊದಲು ಅಳೆದದ್ದು ಆ ಕಾರುಗಳನ್ನಲ್ಲ, ನನ್ನ ದಾರಿಯನ್ನು. ಮನೆ ನಾಗರಭಾವಿಯಲ್ಲಿ, ಕಚೇರಿ ಬೆಳ್ಳಂದೂರಿನಲ್ಲಿ. ನಾಯಂಡಹಳ್ಳಿ, ಬನಶಂಕರಿ, ರಾಗಿಗುಡ್ಡ, ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರು ದಾಟಿ ಹೋಗಬೇಕು. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಅಂದರೆ ಗಂಟೆಗೆ ಸುಮಾರು 17.5 ಕಿ.ಮೀ. ವೇಗ. ಆದರೆ ಸರಾಸರಿಯನ್ನು ನೋಡಿ ನಿರ್ಧಾರ ಮಾಡುವಂತಿಲ್ಲ, ಏಕೆಂದರೆ ಚುರುಕಾದ ಕಾರಿನ ಸುಖ ಸರಾಸರಿಯಲ್ಲಿರುವುದಿಲ್ಲ, ನಡುವೆ ಸಿಗುವ ತೆರಪಿನಲ್ಲಿರುತ್ತದೆ. ಆ ತೆರಪು ಎಲ್ಲಿ, ಎಷ್ಟು ಹೊತ್ತು ಸಿಗುತ್ತದೆ ಎಂದು ತಿಳಿಯಲು ಸ್ಟಿಯರಿಂಗ್ ಕೆಳಗಿನ, ಕಾರಿನ ಕಂಪ್ಯೂಟರಿನ ಮಾಹಿತಿ ಕೊಡುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ರೀಡರ್ ತಂದು, ವೇಗ, ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮತ್ತು ಆಕ್ಸಲರೇಟರ್ ಎಷ್ಟು ಒತ್ತಿದ್ದೇನೆ ಎಂಬ ಮೂರನ್ನೂ ಕೆಲವು ವಾರ ಫೋನಿನಲ್ಲಿ ದಾಖಲಿಸಿದೆ.

ದಾಖಲೆ ಹೇಳಿದ್ದು ನಾನು ಅಂದುಕೊಂಡದ್ದಕ್ಕಿಂತ ಬೇರೆ. ಆಕ್ಸಲರೇಟರನ್ನು ಪೂರ್ತಿ ಒತ್ತುವುದು ದಿನಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ, ಅದೂ ನಾಯಂಡಹಳ್ಳಿಯ ಬಳಿ ಮೇಲ್ಸೇತುವೆ ಹತ್ತುವಾಗ, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಮೆಟ್ರೊ ಹಳಿಯ ಕೆಳಗೆ ಸಾಗುವ ಡಬಲ್ ಡೆಕ್ಕರ್ ರಸ್ತೆ ಸೇರುವಾಗ, ಮತ್ತು ಸರ್ವಿಸ್ ರಸ್ತೆಯಿಂದ ಹೊರವರ್ತುಲ ರಸ್ತೆಗೆ ನುಗ್ಗುವಾಗ. ಈ ಎಲ್ಲ ಕಡೆ ನನಗೆ ಬೇಕಾದದ್ದು 20ರಿಂದ 60 ಕಿ.ಮೀ.ವರೆಗಿನ ವೇಗವರ್ಧನೆ; 80ರ ಮೇಲಿನದು ವಾರವಿಡೀ ನೋಡಿದರೂ ಹೆಚ್ಚುಕಡಿಮೆ ಇಲ್ಲ. ಜೊತೆಗೆ ಪೋಲೊ ನಿಧಾನ ಎನ್ನಿಸಿದ ಕಡೆಯಲ್ಲೆಲ್ಲ ಕೊರತೆಯಾಗಿದ್ದು ಅಶ್ವಶಕ್ತಿಯಲ್ಲ, ಕಾಲು ಒತ್ತಿದ ಗಳಿಗೆಗೂ ಕಾರು ಎದ್ದು ಹೊರಡುವ ಗಳಿಗೆಗೂ ನಡುವಿನ ತಡ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊದ ಒತ್ತಡ ಏರಲು ಹಿಡಿಯುವ ಹೊತ್ತು ಸ್ವಲ್ಪ. ಇನ್ನು ತೆವಳುವಾಗ ಅರೆಬರೆ ಹಿಡಿದಿರುವ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್), ಯಾವ ಗೇರು ಎಂದು ನಿರ್ಧರಿಸಿ ಪೂರ್ತಿ ಕೂಡಿಕೊಳ್ಳಲು ಹಿಡಿಯುವ ಹೊತ್ತು ಸ್ವಲ್ಪ. ಇದು ನನ್ನ ಕಾರೊಂದರ ದೋಷವಲ್ಲ, ಆ ಬಗೆಯ ಗೇರ್‌ಬಾಕ್ಸಿನ ಸ್ವಭಾವ.

ಎಂ340ಐ ಕೇಳಲು ಹೋದಾಗ ಭಾವ ಕೀ ಕೊಡುವ ಮೊದಲು ಒಂದು ಷರತ್ತು ಹಾಕಿದರು: "ಗಾಡಿ ತಗೊಂಡು ಹೋಗು, ಒಂದು ವಾರ ಇಟ್ಕೋ. ಆದ್ರೆ ಸಕಲೇಶಪುರಕ್ಕೆ ಹೋಗಿ ಬಂದು ಚೆನ್ನಾಗಿದೆ ಅನ್ಬೇಡ, ಆಫೀಸಿಗೆ ಓಡ್ಸಿ ಹೇಳು." ಷೋರೂಮಿನವರು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಕೊಡುವ ಹದಿನೈದು ನಿಮಿಷದ ಟೆಸ್ಟ್ ಡ್ರೈವಿಗಿಂತ ಈ ಷರತ್ತು ಸಾವಿರ ಪಾಲು ಮೇಲು.

ಟ್ರಾಫಿಕ್ಕಿನಲ್ಲಿ ಆ ಕಾರು ಒದ್ದಾಡುತ್ತದೆ ಎಂದು ನಿರೀಕ್ಷಿಸಿದ್ದೆ, ಆಗಿದ್ದು ತಿರುಗುಮುರುಗು. ಅದರ ಎಂಟು ಗೇರಿನ ಆಟೊಮ್ಯಾಟಿಕ್ಕಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವ ಟಾರ್ಕ್ ಕನ್ವರ್ಟರ್ ಇರುವುದರಿಂದ, ಒಂದೊಂದೇ ಅಡಿ ಮುಂದೆ ಸರಿಯುವಾಗಲೂ ಕುಲುಕಾಟವಿಲ್ಲ, ಬಿಸಿಯಾಗುವ ಭಯವಿಲ್ಲ. ಪೋಲೊಗಿಂತ ಸುಖವಾಗಿಯೇ ಕಚೇರಿ ತಲುಪುತ್ತಿದ್ದೆ. ವೇಗದ ಕಾರು ನಿಧಾನದ ರಸ್ತೆಯಲ್ಲಿ ತ್ರಾಸ ಕೊಡುತ್ತದೆ ಎಂದು ಹೇಳುವವರು ಬಹುಶಃ ಇಪ್ಪತ್ತು ವರ್ಷ ಹಿಂದಿನ ಕಾರುಗಳ ನೆನಪಿನಲ್ಲಿ ಮಾತಾಡುತ್ತಾರೆ.

ತೊಡಕು ಇದ್ದದ್ದು ಗಾತ್ರದಲ್ಲಿ. ಪೋಲೊದ ಅಗಲ 1,682 ಮಿ.ಮೀ., ಇದರದು 1,827, ಉದ್ದ 4.7 ಮೀಟರ್. ಕಾಗದದಲ್ಲಿ ಒಂದು ಗೇಣಿಗೂ ಕಡಿಮೆ ಎನ್ನಿಸುವ ಈ ಅಗಲದ ವ್ಯತ್ಯಾಸ, ಎರಡೂ ಕಡೆಯಿಂದ ಸ್ಕೂಟರು ನುಸುಳುವ ಇಬ್ಬಲೂರಿನ ಜಂಕ್ಷನ್ನಿನಲ್ಲಿ ಪ್ರತಿ ಸಂಜೆ ಗೊತ್ತಾಗುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ನಿಲ್ಲಿಸಿ ಬಾಗಿಲು ತೆರೆಯುವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತಿತ್ತು.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ವಾರದ ಕೊನೆಗೆ. ಎಂ340ಐಯಲ್ಲಿ ಡಬಲ್ ಡೆಕ್ಕರ್ ರಸ್ತೆ ಸೇರುವಾಗ ಆಕ್ಸಲರೇಟರನ್ನು ಮೂರನೇ ಒಂದು ಪಾಲು ಒತ್ತಿದರೆ ಸಾಕು, ಮುಂದಿನ ಕಾರಿನ ಹಿಂಬದಿಗೆ ಬಂದಾಗಿರುತ್ತಿತ್ತು. ಎಂಜಿನ್ ಹಾಡಲು ಬಾಯಿ ತೆರೆಯುವುದರೊಳಗೆ ಬ್ರೇಕ್ ಒತ್ತಬೇಕು. ಪೋಲೊದಲ್ಲಿ ಅದೇ ಜಾಗದಲ್ಲಿ ಎರಡನೇ ಗೇರನ್ನು ಪೂರ್ತಿ ಎಳೆದು ಮೂರನೆಯದಕ್ಕೆ ಹಾಕುವಷ್ಟು ಕೆಲಸವಿರುತ್ತದೆ, ಆ ಕೆಲಸವೇ ನನಗೆ ಖುಷಿ. ಊರಾಚೆಗೆ ಹೋದರೆ ತೆರೆದ ರಸ್ತೆ ಸಿಗುತ್ತದಲ್ಲ ಎನ್ನಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿನ ಮಿತಿ 100 ಕಿ.ಮೀ., ಉದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ 130 ದಾಟಿದರೆ ದಂಡವಷ್ಟೇ ಅಲ್ಲ, ಎಫ್‌ಐಆರ್ ದಾಖಲಾಗುತ್ತದೆ ಎಂದು ಪೊಲೀಸ್ ಇಲಾಖೆ ಹೇಳಿದೆ. ಆ ಹೆದ್ದಾರಿಯಲ್ಲಿ ನಡೆದ ಅಪಘಾತಗಳನ್ನು ಕಂಡವರು ಈ ನಿಯಮವನ್ನು ದೂರುವುದಿಲ್ಲ, ನಾನೂ ದೂರುವುದಿಲ್ಲ. ಆದರೆ 4.4 ಸೆಕೆಂಡಿನಲ್ಲಿ ಮಿತಿ ಮುಟ್ಟುವ ಕಾರಿಗೆ ಆಮೇಲೆ ಮಾಡಲು ಕೆಲಸವೇ ಉಳಿಯುವುದಿಲ್ಲ ಎಂಬುದೂ ನಿಜ.

ಆ ಶಕ್ತಿ ಪ್ರಯೋಜನಕ್ಕೆ ಬಂದ ಜಾಗ ಒಂದಿದೆ, ಅದನ್ನು ಹೇಳದಿದ್ದರೆ ನನ್ನ ಲೆಕ್ಕ ಅರ್ಧವಾಗುತ್ತದೆ. ಷರತ್ತಿನ ಕಚೇರಿ ಓಡಾಟ ಮುಗಿಸಿ ಕಾರು ಹಿಂದಿರುಗಿಸುವ ಮುನ್ನ ಭಾವನನ್ನೇ ಕೂರಿಸಿಕೊಂಡು ಹಾಸನದ ಕಡೆಗೆ ಹೋದೆವು. ಹೆದ್ದಾರಿ ಬಿಟ್ಟು ಎರಡು ಪಥದ ರಸ್ತೆಗೆ ಇಳಿದ ಮೇಲೆ ಕಬ್ಬಿನ ಲಾರಿಯನ್ನು ಹಿಂದಿಕ್ಕಲು ಎದುರು ಪಥದಲ್ಲಿ ಇರಬೇಕಾದ ಹೊತ್ತು ಪೋಲೊಗೆ ಹೋಲಿಸಿದರೆ ಅರ್ಧಕ್ಕೂ ಕಡಿಮೆ. ಇದು ಮೋಜಲ್ಲ, ಸುರಕ್ಷತೆ. ದಿನವೂ ಅಂಥ ರಸ್ತೆಯಲ್ಲಿ ಓಡಾಡುವವನಾಗಿದ್ದರೆ ನಾನು ಈ ಒಂದೇ ಕಾರಣಕ್ಕೆ ಹೆಚ್ಚು ಬಲದ ಕಾರನ್ನು ಆರಿಸುತ್ತಿದ್ದೆ.

ಟೈರಿನ ಲೆಕ್ಕವನ್ನು ಬಹಳ ಜನ ಕೊನೆಗೆ ಹಾಕುತ್ತಾರೆ, ನಮ್ಮ ಊರಿನಲ್ಲಿ ಅದನ್ನು ಮೊದಲೇ ಹಾಕಬೇಕು. ಆಕ್ಟೇವಿಯಾ ಆರ್‌ಎಸ್‌ನ ಟೈರು 225/40 ಆರ್19: ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 40, ಅಂದರೆ 90 ಮಿ.ಮೀ. ಪೋಲೊದ 185/60 ಆರ್15 ಟೈರಿನಲ್ಲಿ ಅದೇ ಗೋಡೆ 111 ಮಿ.ಮೀ. ಮಳೆನೀರಿನಲ್ಲಿ ಮುಚ್ಚಿಹೋದ ಗುಂಡಿಗೆ ಇಳಿದಾಗ ರಿಮ್ಮಿಗೂ ಟಾರಿಗೂ ನಡುವೆ ಇರುವುದು ಈ ರಬ್ಬರು ಮತ್ತು ಗಾಳಿ ಮಾತ್ರ. ಎರಡು ಸೆಂಟಿಮೀಟರ್ ಕಡಿಮೆಯಾದರೆ ಗೋಡೆಯೊಳಗಿನ ದಾರಗಳು ಹರಿದು ಟೈರು ಉಬ್ಬುವ ಸಾಧ್ಯತೆ ಹೆಚ್ಚು. ಸಾಮಾನ್ಯ ವಿಮೆಯಲ್ಲಿ ಕಾರಿಗೂ ಜೊತೆಗೇ ಹಾನಿಯಾಗದೆ ಬರೀ ಟೈರು ಹಾಳಾದರೆ ಪರಿಹಾರವಿಲ್ಲ, ಅದಕ್ಕೆ ಬೇರೆ ಆ್ಯಡ್-ಆನ್ ತೆಗೆದುಕೊಳ್ಳಬೇಕು. ಇನ್ನು ರಸ್ತೆ ಉಬ್ಬುಗಳು: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಅವು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಉಬ್ಬಿಗೆ ಯಾವ ಮಾನದಂಡವೂ ಅನ್ವಯಿಸುವುದಿಲ್ಲ. ಅದನ್ನು ದಾಟುವಾಗ ಭಾವನ ಕಾರನ್ನು ಓರೆಯಾಗಿ ಏರಿಸಿ ಇಳಿಸಬೇಕಾಗುತ್ತಿತ್ತು.

ಹಣದ ವಿಷಯಕ್ಕೆ ಬಂದರೆ, ಪೆಟ್ರೋಲು ನನ್ನನ್ನು ತಡೆಯಲಿಲ್ಲ. ನನ್ನ ದಾರಿಯಲ್ಲಿ ಎಂ340ಐ ಲೀಟರಿಗೆ ಆರೇಳು ಕಿ.ಮೀ., ಪೋಲೊ ಹನ್ನೊಂದರ ಆಸುಪಾಸು. ಲೀಟರಿಗೆ 103 ರೂಪಾಯಿ ಹಿಡಿದರೂ ವ್ಯತ್ಯಾಸ ದಿನಕ್ಕೆ ಮುನ್ನೂರು ರೂಪಾಯಿಯ ಆಸುಪಾಸು. ನಿಜವಾದ ಭಾರ ತೆರಿಗೆಯದು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಸೆಸ್, 49.99 ಲಕ್ಷದ ಆರ್‌ಎಸ್‌ಗೆ ಇದೊಂದೇ ಹತ್ತಿರಹತ್ತಿರ 10 ಲಕ್ಷ. ಮಾರುವಾಗ ಈ ಹಣ ಯಾರೂ ಹಿಂದಿರುಗಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಈ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿರುತ್ತಾನೆ, ಆದರೆ ಅದು ಕೆಎ ನೋಂದಣಿಯ ಕಾರಾಗಿದ್ದರೆ ಮಾತ್ರ. ದೆಹಲಿಯಿಂದ ಅಗ್ಗವಾಗಿ ಬರುವ ಕಾರಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಂದು ಇಲ್ಲಿ ಮರುನೋಂದಣಿ ಮಾಡಿಸುವಾಗ, ಕಾರಿನ ವಯಸ್ಸಿಗೆ ತಕ್ಕ ತೆರಿಗೆಯನ್ನು ಮತ್ತೆ ಕಟ್ಟಬೇಕು. ಅಗ್ಗ ಎಂದು ತೋರಿದ ಎರಡು ಕಾರುಗಳಿಗೆ ಇದನ್ನು ಕೂಡಿಸಿ ನೋಡಿದಾಗ ಉಳಿತಾಯವೆಲ್ಲ ಕರಗಿಹೋಯಿತು.

ಎಲೆಕ್ಟ್ರಿಕ್ ಕಾರು ಏಕೆ ನೋಡಲಿಲ್ಲ ಎಂದು ಕೇಳುವವರಿಗೆ: ನೋಡಿದೆ. 20ರಿಂದ 60ರವರೆಗಿನ ತಡವಿಲ್ಲದ ಎಳೆತವೇ ಬೇಕಾದದ್ದಾದರೆ ಮೋಟಾರಿಗಿಂತ ಒಳ್ಳೆಯ ಉತ್ತರವಿಲ್ಲ. ಮಹೀಂದ್ರ ಬಿಇ 6ರ ದೊಡ್ಡ ಬ್ಯಾಟರಿಯ ಮಾದರಿಯಲ್ಲಿ 286 ಅಶ್ವಶಕ್ತಿ, 380 ನ್ಯೂಟನ್ ಮೀಟರ್ ಟಾರ್ಕ್; ಆಕ್ಟೇವಿಯಾದ ಅರ್ಧದಷ್ಟು ಬೆಲೆಗೆ ಅದು ಸಿಗುತ್ತದೆ. ನನ್ನ ದಾಖಲೆಯ ಪ್ರಕಾರ ಗೆಲ್ಲಬೇಕಾದದ್ದು ಅದೇ. ಆದರೆ ನಮ್ಮದು ಹಳೆಯ ಅಪಾರ್ಟ್‌ಮೆಂಟು. ಬೇಸ್‌ಮೆಂಟಿಗೆ ಪ್ರತ್ಯೇಕ ಮೀಟರ್ ಎಳೆಸುವ ಪ್ರಸ್ತಾಪ ಸಂಘದ ಸಭೆಯಲ್ಲಿ ಇನ್ನೂ ಚರ್ಚೆಯಲ್ಲೇ ಇದೆ. ಕಚೇರಿಯ ಚಾರ್ಜರಿಗೆ ಸರದಿ ಕಾಯುವುದನ್ನು ದಿನಚರಿ ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಕೊನೆಗೆ ತಂದದ್ದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಲೀಟರ್, 150 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಪರ್ಫಾರ್ಮೆನ್ಸ್ ಕಾರು ಎಂದು ಇದನ್ನು ಕರೆದರೆ ಭಾವ ನಗುತ್ತಾರೆ. ಬೆಲೆ 20 ಲಕ್ಷದೊಳಗೆ ಇರುವುದರಿಂದ ತೆರಿಗೆ ಒಂದು ಹಂತ ಕೆಳಗೆ. ನೆಲದಿಂದ ಎತ್ತರ 179 ಮಿ.ಮೀ.; 205/55 ಆರ್16 ಟೈರಿನ ಗೋಡೆ ಪೋಲೊಗಿಂತ ಕೂದಲೆಳೆಯಷ್ಟು ಹೆಚ್ಚೇ. ಇದರಲ್ಲಿರುವುದೂ ಡ್ರೈ ಕ್ಲಚ್ಚಿನ ಡಿಎಸ್‌ಜಿಯೇ, ಆ ಗೇರ್‌ಬಾಕ್ಸ್ ಹೊರಬಲ್ಲ ಗರಿಷ್ಠ ಟಾರ್ಕ್ 250 ನ್ಯೂಟನ್ ಮೀಟರ್. ಹೀಗಾಗಿ ತೆವಳುವಾಗಿನ ತಡ ಪೂರ್ತಿ ಹೋಗಿಲ್ಲ. ಆದರೆ 1,600 ಆರ್‌ಪಿಎಂನಿಂದಲೇ ಪೂರ್ತಿ ಟಾರ್ಕ್ ಸಿಗುವುದರಿಂದ, ಕ್ಲಚ್ ಕೂಡಿಕೊಂಡ ಮೇಲೆ ಕಾರು ಮೀನಮೇಷ ಎಣಿಸುವುದಿಲ್ಲ. ಸೇತುವೆ ಸೇರುವ ಮುಂಚೆ ಗೇರ್ ಲಿವರನ್ನು ಎಸ್‌ಗೆ (ಸ್ಪೋರ್ಟ್ ಮೋಡ್) ಎಳೆದುಕೊಂಡರೆ ಇನ್ನೂ ಮೇಲು. ಮ್ಯಾನ್ಯುವಲ್ ಕೊಳ್ಳಬೇಕೆಂಬ ನನ್ನ ವಾದ, ವಾರದಲ್ಲಿ ಎರಡು ದಿನ ಇದೇ ಕಾರು ಓಡಿಸುವ ಮನೆಯಾಕೆಯ ಮುಂದೆ ಒಂದು ಸಂಜೆಯೂ ನಿಲ್ಲಲಿಲ್ಲ.

ನನ್ನ ಕಚೇರಿ ದೇವನಹಳ್ಳಿಯ ಕಡೆಗಿದ್ದು ನಸುಕಿನ ಪಾಳಿಯಾಗಿದ್ದರೆ, ಅಥವಾ ವಾರಕ್ಕೆರಡು ಸಲ ಹಾಸನಕ್ಕೆ ಹೋಗಿಬರುವ ಕೆಲಸವಿದ್ದರೆ, ಇದೇ ದಾಖಲೆ ಬೇರೆ ಉತ್ತರ ಕೊಡುತ್ತಿತ್ತು, ನಾನು ಕೆಎ ನೋಂದಣಿಯ ಎಂ340ಐ ಹುಡುಕುತ್ತಿದ್ದೆ. ಒಬಿಡಿ ರೀಡರ್ ಈಗ ಭಾವನ ಬಳಿ ಇದೆ. ಅವರು ತಮ್ಮ ಕಾರಿನಲ್ಲಿ ಪೂರ್ತಿ ಆಕ್ಸಲರೇಟರ್ ಎಷ್ಟು ಸಲ ಒತ್ತುತ್ತಾರೆ ಎಂಬುದನ್ನು ಇನ್ನೂ ಹೇಳಿಲ್ಲ.