ಟರ್ಬೊ ಎಂಜಿನ್ನೋ, ಟರ್ಬೊ ಇಲ್ಲದ್ದೋ: ಪೆಟ್ರೋಲ್ ಕಾರು ಕೊಳ್ಳುವವರಿಗೆ

ಪೆಟ್ರೋಲ್ ಕಾರು ಕೊಳ್ಳುವಾಗ ಅಶ್ವಶಕ್ತಿಗಿಂತ ಮೊದಲು ಗಮನಿಸಬೇಕಾದುದು ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಎಷ್ಟಿದೆ, ಅದು ಎಷ್ಟು ಆರ್‌ಪಿಎಮ್‌ನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ) ದೊರೆಯುತ್ತದೆ ಎಂಬುದನ್ನು. ಹ್ಯುಂಡೈ ವೆನ್ಯೂ ಕಾರಿನ ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ ಸುಮಾರು 114 ನ್ಯೂಟನ್ ಮೀಟರ್ ಟಾರ್ಕನ್ನು 4000 ಆರ್‌ಪಿಎಮ್‌ನಲ್ಲಿ ಕೊಟ್ಟರೆ, ಗಾತ್ರದಲ್ಲಿ ಅದಕ್ಕಿಂತ ಚಿಕ್ಕದಾದ 1.0 ಲೀಟರ್ ಟರ್ಬೊ ಎಂಜಿನ್ 172 ನ್ಯೂಟನ್ ಮೀಟರನ್ನು 1500ರಿಂದಲೇ ಒದಗಿಸುತ್ತದೆ. ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಟರ್ಬೊ, ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದೇ ಇದಕ್ಕೆ ಕಾರಣ. ಗಾಳಿ ತೆಳುವಾಗಿರುವ ಊಟಿಯಂಥ ಎತ್ತರದಲ್ಲೂ ಅದು ಅಷ್ಟಾಗಿ ಸೊರಗದಿರುವುದೂ ಇದರಿಂದಲೇ. ಐದು ಜನರನ್ನೂ ಸಾಮಾನನ್ನೂ ಹೇರಿಕೊಂಡು ಚಾರ್ಮಾಡಿ ಘಾಟಿಯನ್ನು ಆಗಾಗ ಹತ್ತುವವರು ಟರ್ಬೊ ಆರಿಸಿಕೊಳ್ಳಬಹುದು.

ಓಡಾಟ ಬಹುಪಾಲು ಪೇಟೆಯೊಳಗೇ ಆದರೆ ಟರ್ಬೊ ಇಲ್ಲದ ಎಂಜಿನ್ ಸಾಕು. ಬಿಡಿಭಾಗಗಳು ಕಡಿಮೆ, ಬೆಲೆಯೂ ಕಡಿಮೆ. ಮೈಲೇಜಿನ ಆಸೆಯಿಂದ ಟರ್ಬೊ ಕೊಳ್ಳುವುದು, ಶೋರೂಮಿನವರು ಏನೇ ಹೇಳಲಿ, ಜಾಣತನವಲ್ಲ, ಏಕೆಂದರೆ ಆಕ್ಸಿಲರೇಟರನ್ನು ಜೋರಾಗಿ ತುಳಿದಂತೆಲ್ಲ ಅದರ ಮೈಲೇಜ್ ಬೇಗ ಕುಸಿಯುತ್ತದೆ. ಕೊಂಡ ಮೇಲೆ ಕಂಪನಿ ಸೂಚಿಸಿದ ದರ್ಜೆಯ ಆಯಿಲನ್ನೇ ಅವಧಿಗೆ ಸರಿಯಾಗಿ ಬದಲಿಸಬೇಕು. ದೀರ್ಘ ಏರನ್ನು ಹತ್ತಿದ ಬಳಿಕ ಎಂಜಿನ್ನನ್ನು ತಕ್ಷಣ ಆರಿಸದೆ ಒಂದು ನಿಮಿಷ ಹಾಗೆಯೇ ಓಡಲು ಬಿಡಬೇಕು. ಟೆಸ್ಟ್ ಡ್ರೈವನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಏರುದಾರಿಯಲ್ಲೇ ಮಾಡಿ.