ಕೀಲುನೋವಿರುವ ದೊಡ್ಡ ನಾಯಿಯ ತೂಕ ಇಳಿಸುವ ಬಗೆ

ಕೀಲು ಸವೆದ ದೊಡ್ಡ ನಾಯಿಯನ್ನು ಹೆಚ್ಚು ನಡೆಸಿ ತೂಕ ಇಳಿಸಲು ಹೊರಡುವುದು ನಮ್ಮಲ್ಲಿ ಅನೇಕರು ಮಾಡುವ ಮೊದಲ ತಪ್ಪು. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿಯೂ ಅದೇ ಆಯಿತು. ಎಂಟು ವರ್ಷದ ಲ್ಯಾಬ್ರಡಾರ್ ಬ್ರೂನೊ 41 ಕಿಲೋ ತೂಗುತ್ತಿದ್ದಾಗ, ಬೆಳಗಿನ ನಡಿಗೆಯನ್ನು ಇಮ್ಮಡಿ ಮಾಡಿದರೆ ಕೊಬ್ಬು ಕರಗುತ್ತದೆಂದು ನಂಬಿ ಒಂದು ವಾರ ನಡೆಸಿದೆವು. ಎಂಟನೆಯ ದಿನ ಅವನು ಏಳಲೆಂದು ಮುಂಗಾಲು ಊರಿದ, ಹಿಂಗಾಲುಗಳು ಟೈಲ್ಸ್ ಮೇಲೆ ಎರಡು ಕಡೆಗೆ ಜಾರಿದವು, ಮತ್ತೆ ಕುಳಿತು ನನ್ನ ಮುಖ ನೋಡಿದ. ತೂಕ ಇಳಿಯುವುದು ಬಹುಮಟ್ಟಿಗೆ ಊಟದ ಬಟ್ಟಲಿನಿಂದ. ನಡಿಗೆ ಬೇಕಾಗಿರುವುದು ಕೀಲನ್ನು ಹಿಡಿದಿಡುವ ಸ್ನಾಯು ಕರಗದಿರಲೆಂದು. ಇದು ಮನಸ್ಸಿಗೆ ಬಂದ ಮೇಲೆಯೇ ನಮ್ಮ ಕೆಲಸ ದಾರಿಗೆ ಬಂದಿತು.

ಆಹಾರಕ್ಕೆ ಕೈಹಾಕುವ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಕಡಿಮೆಯಿದ್ದರೂ ನಾಯಿ ದಪ್ಪವಾಗುತ್ತದೆ, ಮಂಕಾಗುತ್ತದೆ. ರಕ್ತಪರೀಕ್ಷೆಯಿಲ್ಲದೆ ಅದು ತಿಳಿಯುವುದಿಲ್ಲ. ತೊಂದರೆ ಸೊಂಟದ ಕೀಲಿನಲ್ಲಿದೆಯೋ ಮೊಣಕಾಲಿನಲ್ಲಿದೆಯೋ ಎಂಬುದನ್ನು ಪರೀಕ್ಷೆ ಮತ್ತು ಎಕ್ಸ್‌ರೇ ಹೇಳುತ್ತವೆ. ನೋವು ಹೆಚ್ಚಾಗಿದ್ದರೆ ಮೊದಲು ನೋವಿಗೆ ಔಷಧ ಬೇಕು, ಏಕೆಂದರೆ ನೋಯುವ ಪ್ರಾಣಿ ಅಲುಗಾಡುವುದಿಲ್ಲ, ಅಲುಗಾಡದಿದ್ದರೆ ಸ್ನಾಯು ಸೊರಗುತ್ತದೆ. ಆದರೆ ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ನಂಥ ಮನುಷ್ಯರ ಮಾತ್ರೆಗಳನ್ನು ದಯವಿಟ್ಟು ನೀವಾಗಿಯೇ ಕೊಡಬೇಡಿ. ಅವು ನಾಯಿಯ ಹೊಟ್ಟೆ, ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಬಲ್ಲವು.

ನಾಯಿ ದಪ್ಪವಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಕೈ ಸರಿಯಾಗಿ ಹೇಳುತ್ತದೆ. ಪಕ್ಕೆಯ ಮೇಲೆ ಬೆರಳುಗಳನ್ನು ಹಗುರವಾಗಿ ಆಡಿಸಿದರೆ ಪಕ್ಕೆಲುಬುಗಳು ಒಂದೊಂದಾಗಿ ಸಿಗಬೇಕು. ಮೇಲಿನಿಂದ ನೋಡಿದಾಗ ಸೊಂಟ ಸಣ್ಣಗಾಗಿರಬೇಕು. ವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. 4 ಅಥವಾ 5 ಸರಿಯಾದ ಮೈಕಟ್ಟು. ಅದರ ಮೇಲಿನ ಒಂದೊಂದು ಅಂಕವೂ ಸುಮಾರು ಶೇಕಡಾ 10ರಷ್ಟು ಹೆಚ್ಚುವರಿ ತೂಕ. ಬ್ರೂನೊಗೆ 8 ಬಂದಿತು, ವೈದ್ಯರು 32 ಕಿಲೋ ಗುರಿ ಕೊಟ್ಟರು. ಇಷ್ಟು ದೊಡ್ಡ ನಾಯಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲುವುದು ಆಗದ ಮಾತು. ಕ್ಲಿನಿಕ್ ದೂರವಿದ್ದರೆ ಧಾನ್ಯದ ಅಂಗಡಿಯಲ್ಲಿ ಮೂಟೆ ತೂಗುವ ಚಪ್ಪಟೆ ತಕ್ಕಡಿಯಾದರೂ ಸಾಕು. ಪ್ರತಿಸಲವೂ ಅದೇ ತಕ್ಕಡಿ, ಬೆಳಗಿನ ಊಟಕ್ಕೆ ಮೊದಲು, ಎರಡು ವಾರಕ್ಕೊಮ್ಮೆ.

ಇನ್ನು ಲೆಕ್ಕ. ಗುರಿಯ ತೂಕವನ್ನು ಕ್ಯಾಲ್ಕುಲೇಟರಿನಲ್ಲಿ ಅದರಿಂದಲೇ ಎರಡು ಸಲ ಗುಣಿಸಿ, ಬಂದದ್ದಕ್ಕೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, 70ರಿಂದ ಗುಣಿಸಿದರೆ ದಿನದ ಕಿಲೋಕ್ಯಾಲೊರಿ ಸಿಗುತ್ತದೆ. 32 ಕಿಲೋಗೆ ಅದು ಸುಮಾರು 940. ಇದರಲ್ಲಿ ಹತ್ತನೆಯ ಒಂದು ಭಾಗವನ್ನು ತಿಂಡಿಗೆಂದು ಬಿಟ್ಟು ಉಳಿದದ್ದನ್ನು ಮುಖ್ಯ ಆಹಾರಕ್ಕೆ ಇಡಬೇಕು. ನಾಯಿ ಆಹಾರದ ಪೊಟ್ಟಣದ ಮೇಲೆ 100 ಗ್ರಾಂಗೆ 350 ಕಿಲೋಕ್ಯಾಲೊರಿ ಎಂದಿದ್ದರೆ ದಿನಕ್ಕೆ ಸುಮಾರು 240 ಗ್ರಾಂ ಆಯಿತು. ಲೋಟದಲ್ಲಿ ಅಳೆಯಬೇಡಿ, ಒಂದೇ ಲೋಟ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತೂಕವಾಗುತ್ತದೆ. ಅಡುಗೆಮನೆಯ ಗ್ರಾಂ ತಕ್ಕಡಿಯೇ ಬೇಕು. ಇದು ಆರಂಭದ ಅಂಕಿಯಷ್ಟೇ, ಮುಂದೆ ವೈದ್ಯರು ಏರಿಳಿತ ಮಾಡುತ್ತಾರೆ. ಸಾಮಾನ್ಯ ಆಹಾರವನ್ನೇ ಬಹಳ ಕಡಿತಗೊಳಿಸಿದರೆ ಪ್ರೋಟೀನ್, ಜೀವಸತ್ವಗಳೂ ಕಡಿಮೆಯಾಗುವುದರಿಂದ, ತೂಕ ಇಳಿಸಲೆಂದೇ ತಯಾರಾದ, ಪ್ರೋಟೀನ್ ಮತ್ತು ನಾರು ಹೆಚ್ಚಿರುವ ಆಹಾರದ ಬಗ್ಗೆ ಅವರನ್ನೇ ಕೇಳುವುದು ಒಳ್ಳೆಯದು.

ಇಷ್ಟಾದರೂ ಮೊದಲ ತಿಂಗಳು ನಮ್ಮಲ್ಲಿ ಮುಳ್ಳು ಕದಲಲಿಲ್ಲ. ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದಿಟ್ಟಾಗ ಕಾರಣ ತಿಳಿಯಿತು: ಕೆಳಗೆ ವಾಚ್‌ಮನ್ ಕೊಡುತ್ತಿದ್ದ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಮಗಳು ಬಿಟ್ಟ ಇಡ್ಲಿ, ಭಾನುವಾರ ಮೀನುಸಾರು ಕಲಸಿದ ಅನ್ನ, ಅತ್ತೆಯವರ ಒಂದು ಚಪಾತಿ. ತುಪ್ಪ ಸವರಿದ ಚಪಾತಿಯೊಂದು ಸುಮಾರು 120 ಕಿಲೋಕ್ಯಾಲೊರಿ, ಎಂದರೆ ಅವನ ದಿನದ ಪಾಲಿನ ಎಂಟನೆಯ ಒಂದು ಭಾಗ. "ಪಾಪ, ಬಾಯಿ ಬಿಟ್ಟು ಕೇಳಕ್ಕಾಗಲ್ಲ ಅದಕ್ಕೆ" ಎನ್ನುವ ಅತ್ತೆಯವರನ್ನು ತಡೆಯುವುದು ಸರಿಯಲ್ಲವೆನಿಸಿ, ತಿನ್ನಿಸುವ ಹೊಣೆಯನ್ನೇ ಅವರಿಗೆ ವಹಿಸಿದೆವು. ಬೆಳಿಗ್ಗೆ ದಿನದ ಪಾಲನ್ನೆಲ್ಲ ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತೇವೆ. ಮನೆಯೊಳಗೆ ಏನು ಕೊಟ್ಟರೂ ಆ ಡಬ್ಬಿಯಿಂದಲೇ, ಅತ್ತೆಯವರ ಕೈಯಿಂದಲೇ. ಅವರು ಊಟಕ್ಕೆ ಕುಳಿತಾಗ ಚಪಾತಿಯ ಚೂರಿನ ಬದಲು ಡಬ್ಬಿಯ ಆಹಾರದ ಐದು ಕಾಳು ಅಂಗೈಯಲ್ಲಿಟ್ಟು ಕೊಡುತ್ತಾರೆ, ಬ್ರೂನೊ ಅದನ್ನೂ ಅದೇ ಸಂಭ್ರಮದಿಂದ ನೆಕ್ಕಿಕೊಳ್ಳುತ್ತಾನೆ. ಬಿಸ್ಕತ್ತಿನ ಬದಲು ಕ್ಯಾರೆಟ್ ಚೂರುಗಳನ್ನು ವಾಚ್‌ಮನ್ ಕೈಗೆ ಕೊಟ್ಟಿದ್ದೇವೆ.

ಹಸಿವಿನ ಮಾತನ್ನೂ ಹೇಳಬೇಕು. ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನಿನಲ್ಲಿ ಬದಲಾವಣೆಯಿರುವುದನ್ನು 2016ರಲ್ಲಿ ಕೇಂಬ್ರಿಜ್ ಸಂಶೋಧಕರು ತೋರಿಸಿದರು. ಅಂಥವುಗಳಿಗೆ ಆಹಾರದ ಹಂಬಲ ಹೆಚ್ಚು. ಹಾಗಾಗಿ ಅದರ ಬೇಡಿಕೆ ಹಟವಲ್ಲ, ನಿಜವಾದದ್ದು. ಬೇಯಿಸಿದ ಬೀನ್ಸ್, ಸಿಹಿಗುಂಬಳ, ಸೌತೆಕಾಯಿಗಳನ್ನು ಒಗ್ಗರಣೆ, ಉಪ್ಪು ಇಲ್ಲದೆ ಬೆರೆಸಿದರೆ ಹೊಟ್ಟೆ ತುಂಬುತ್ತದೆ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಮೀನುಸಾರಿನ ಅನ್ನ ನಿಂತದ್ದು ಈರುಳ್ಳಿಯಿಂದಾಗಿಯೂ ಹೌದು.

ನಡಿಗೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಸಮತಟ್ಟಾದ ಜಾಗದಲ್ಲಿ. ಮರುದಿನ ಕುಂಟಿದರೆ ಹಿಂದಿನ ದಿನ ಹೆಚ್ಚಾಯಿತೆಂದು ತಿಳಿಯಬೇಕು. ಮುಂಬಯಿಯ ಸೆಕೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಹೊರಡಬೇಕು, ದಪ್ಪ ನಾಯಿ ಬೇಗ ಏದುತ್ತದೆ. ಕಡಲತೀರದ ಸಡಿಲ ಮರಳಿನಲ್ಲಿ ಕಾಲು ಹೂತು ಕೀಲಿಗೆ ಶ್ರಮ. ಮಳೆಗಾಲದಲ್ಲಿ ನಿಂತ ನೀರಿಗೆ ಇಳಿಸಬಾರದು, ಇಲಿಜ್ವರದ ಭಯವಿದೆ. ಆ ದಿನಗಳಲ್ಲಿ ಕಟ್ಟಡದ ಪಾರ್ಕಿಂಗ್ ಜಾಗವೇ ಸಾಕು. ಮನೆಯೊಳಗೆ ಅವನು ಓಡಾಡುವ ದಾರಿಯುದ್ದಕ್ಕೂ ರಬ್ಬರ್ ಚಾಪೆ ಹಾಸಿ, ಉಗುರು ಮತ್ತು ಪಾದದಡಿಯ ಕೂದಲು ಕತ್ತರಿಸಿ. ಲಿಫ್ಟ್ ಕೆಟ್ಟ ದಿನ ದಪ್ಪ ಟವೆಲನ್ನು ಹಿಂಗಾಲುಗಳ ಮುಂದೆ ಹೊಟ್ಟೆಯಡಿ ಹಾಯಿಸಿ ಎರಡೂ ತುದಿ ಎತ್ತಿ ಹಿಡಿದರೆ ಮೆಟ್ಟಿಲಿಳಿಯುವಾಗ ಸೊಂಟದ ಭಾರ ನಿಮ್ಮ ಕೈಗೆ ಬರುತ್ತದೆ.

ವಾರಕ್ಕೆ ಶೇಕಡಾ 1ರಷ್ಟು, 41 ಕಿಲೋ ನಾಯಿಗೆ 400 ಗ್ರಾಂ ಇಳಿದರೆ ಸಾಕು. ಶೇಕಡಾ 2 ಮೀರಬಾರದು. ಫಲಕ್ಕೆ ಗುರಿ ಮುಟ್ಟುವವರೆಗೆ ಕಾಯಬೇಕಿಲ್ಲ. ಕೀಲುರೋಗವಿದ್ದ ದಪ್ಪ ನಾಯಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡಾ 6ರಷ್ಟು ತೂಕ ಇಳಿದಾಗಲೇ ಕುಂಟುವುದು ಕಡಿಮೆಯಾಗಿತ್ತು. ಬ್ರೂನೊ 38 ಕಿಲೋಗೆ ಬಂದ ವಾರ, ಡಬ್ಬಿಯ ಮುಚ್ಚಳದ ಸದ್ದಿಗೆ ಒಂದೇ ಸಲಕ್ಕೆ ಎದ್ದು ಅಡುಗೆಮನೆಗೆ ಬಂದ. ಒಂದು ತಿಂಗಳು ತೂಕ ಕದಲದಿದ್ದರೆ ಮೊದಲು ಮನೆಯವರ ಕೈಗಳನ್ನು ವಿಚಾರಿಸಿ. ಅಲ್ಲಿ ತಪ್ಪಿಲ್ಲದಿದ್ದರೆ ಮಾತ್ರ ವೈದ್ಯರನ್ನು ಕೇಳಿ ಆಹಾರವನ್ನು ಇನ್ನೂ ಶೇಕಡಾ 5ರಿಂದ 10ರಷ್ಟು ತಗ್ಗಿಸಿ. ಗುರಿ ಮುಟ್ಟಿದ ಮೇಲೆ ಆಹಾರವನ್ನು ಹಾಗೆಯೇ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ತಿಂಗಳಿಗೊಮ್ಮೆ ಅದೇ ತಕ್ಕಡಿಯ ಮೇಲೆ ನಿಲ್ಲಿಸುತ್ತಿರಿ.