ಏಸಿ ಪೈಪಿನ ಕೆಳಗೊಂದು ಬಕೆಟ್: ನನ್ನ ಅನುಭವ

ಏಸಿಯ ನೀರಿನ ಪೈಪಿನ ಕೆಳಗೆ ನಾನು ಬಕೆಟ್ ಇಟ್ಟಿದ್ದು ಹೊರಗೋಡೆ ಒದ್ದೆಯಾಗುತ್ತಿದೆ ಅಂತ, ಅಷ್ಟೇ. ಬೆಳಗ್ಗೆ ನೋಡಿದರೆ ಅರ್ಧ ಬಕೆಟ್ ತುಂಬಿತ್ತು. ಕುತೂಹಲಕ್ಕೆ ಅಳೆದೆ. ಏಳು ಲೀಟರ್! ಒಂದು ರಾತ್ರಿ, ಒಂದು ಕೋಣೆ, ಮಲಗಿದ್ದವರು ಇಬ್ಬರು. ಇಬ್ಬರು ರಾತ್ರಿಯಿಡೀ ಉಸಿರಾಡಿ, ಬೆವರಿ ಗಾಳಿಗೆ ಸೇರಿಸುವ ತೇವ ಹೆಚ್ಚೆಂದರೆ ಒಂದು ಲೀಟರ್ ಆಸುಪಾಸು. ಮಿಕ್ಕ ಆರು ಲೀಟರ್ ಎಲ್ಲಿಂದ ಬಂತು?

ಹಿಂದಿನ ಬೇಸಿಗೆಯಲ್ಲಿ ನಾನೊಂದು ದಡ್ಡ ಕೆಲಸ ಮಾಡಿದ್ದೆ. ಕೋಣೆ ಸರಿಯಾಗಿ ತಂಪಾಗುತ್ತಿಲ್ಲ ಅಂತ ಒಂದು ಟನ್ನಿನ ಏಸಿ ತೆಗೆಸಿ ಒಂದೂವರೆ ಟನ್ನಿನದು ಹಾಕಿಸಿದ್ದೆ. ಅಂದಹಾಗೆ, ಟನ್ ಅನ್ನೋದು ಯಂತ್ರದ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು, ಸುಮಾರು 3.5 ಕಿಲೋವ್ಯಾಟ್. ಮಾರಿದವರು ‘ದೊಡ್ಡದು ತಗೊಳ್ಳಿ, ಬೇಗ ತಂಪಾಗುತ್ತೆ, ಕರೆಂಟೂ ಉಳಿಯುತ್ತೆ’ ಅಂದಿದ್ದರು. ಬೇಗ ತಂಪಾಗುತ್ತಿತ್ತು, ಸುಳ್ಳಲ್ಲ. ಹತ್ತು ಹದಿನೈದು ನಿಮಿಷ ಓಡಿ ಕಂಪ್ರೆಸರ್ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಮೈಗೆ ಚಳಿ, ಹಾಸಿಗೆ ಮಾತ್ರ ಅಂಟಂಟು. ತೇವ ಇಳಿಯಬೇಕಾದರೆ ಏಸಿಯೊಳಗಿನ ಕಾಯಿಲ್ (ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸುರುಳಿ) ಸಾಕಷ್ಟು ಹೊತ್ತು ತಣ್ಣಗಿರಬೇಕು. ಕಂಪ್ರೆಸರ್ ನಿಂತು ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಕಾಯಿಲ್ ಮೇಲೆ ಕೂತ ನೀರು ಆವಿಯಾಗಿ ವಾಪಸ್ ಕೋಣೆಗೇ ಬರುತ್ತದೆ. ಬಿಲ್ ಅಂತೂ ಏರಿತ್ತು.

ಹಾಗಾಗಿ ಈ ಸಲ ಏನನ್ನೂ ಕೊಳ್ಳುವ ಮೊದಲು ಅಳೆಯೋಣ ಅಂತ ತೀರ್ಮಾನಿಸಿದೆ. ಎಲೆಕ್ಟ್ರಿಷಿಯನ್ ಕೈಲಿ ಏಸಿ ಲೈನಿಗೆ ಒಂದು ಪುಟ್ಟ ಮೀಟರ್ ಹಾಕಿಸಿದೆ. ರಾತ್ರಿ ಎಂಟು ಗಂಟೆ ಓಟಕ್ಕೆ ಸರಾಸರಿ 8.2 ಯೂನಿಟ್. ಒಂದು ವಾರಕ್ಕೆ ಒಂದೇ ಬದಲಾವಣೆ, ಪ್ರತಿ ಬೆಳಗ್ಗೆ ಮೀಟರ್ ಮತ್ತು ಬಕೆಟ್ ಎರಡರ ಲೆಕ್ಕ ಡೈರಿಗೆ. ಒಂದು ರಾತ್ರಿ ಸೆಕೆ, ಇನ್ನೊಂದು ರಾತ್ರಿ ಮಳೆ, ಹಾಗಾಗಿ ಇದು ಪ್ರಯೋಗಶಾಲೆಯ ಲೆಕ್ಕ ಅಲ್ಲ. ಆದರೂ ವಾರದ ಸರಾಸರಿ ನೋಡಿದರೆ ದಾರಿ ಗೊತ್ತಾಗುತ್ತದೆ.

ಮೊದಲು ಬಕೆಟ್ಟಿನ ಒಗಟು. ಒಂದು ಲೀಟರ್ ನೀರು ಆವಿಯಿಂದ ಹನಿಯಾಗುವಾಗ ಸುಮಾರು 0.68 ಯೂನಿಟ್‌ನಷ್ಟು ಶಾಖ ಬಿಡುತ್ತದೆ. ಅದನ್ನೂ ಏಸಿಯೇ ಹೊರಗೆ ಹಾಕಬೇಕು. ಏಳು ಲೀಟರಿಗೆ ನಾಲ್ಕೂಮುಕ್ಕಾಲು ಯೂನಿಟ್ ಶಾಖ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಸಾಗಿಸುವ ಏಸಿ ಅಂತಿಟ್ಟುಕೊಂಡರೂ, ರಾತ್ರಿಗೆ ಒಂದೂವರೆ ಯೂನಿಟ್ ಬರೀ ನೀರು ಇಳಿಸೋದಕ್ಕೇ ಹೋಗುತ್ತಿತ್ತು.

ಊದುಬತ್ತಿ ಹಚ್ಚಿಕೊಂಡು ಕೋಣೆ ಸುತ್ತಿದೆ. ಕಿಟಕಿ ಸಂದಿಗಳಲ್ಲಿ ಹೊಗೆ ಸ್ವಲ್ಪ ಅಲುಗಾಡಿತು, ಅಷ್ಟೆ. ಏಸಿಯ ತಾಮ್ರದ ಪೈಪು ಗೋಡೆ ದಾಟುವ ತೂತಿನ ಹತ್ತಿರ ಹಿಡಿದರೆ ನೇರ ಏಳುತ್ತಿದ್ದ ಹೊಗೆ ಪಟ್ಟನೆ ಅಡ್ಡ ಮಲಗಿತು. ಯಾರೋ ಹಿಂದಿನಿಂದ ಊದಿದ ಹಾಗೆ. ಬಾಗಿಲ ಕೆಳಗೂ ಅದೇ ಕತೆ. ಇಷ್ಟೊಂದು ಗಾಳಿ ಒಳಗೆ ನುಗ್ಗುತ್ತಿರುವುದಾದರೂ ಯಾಕೆ? ಆಮೇಲೆ ಕಿವಿಗೆ ಬಿತ್ತು ಸದ್ದು. ಪಕ್ಕದ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್. ಒದ್ದೆ ಬೇಗ ಆರಲಿ ಅಂತ ವರ್ಷಗಟ್ಟಲೆ ರಾತ್ರಿಯಿಡೀ ಹಾಕಿಡುತ್ತಿದ್ದೆವು! ಅದು ತಂಪು ಗಾಳಿಯನ್ನು ಹೊರಗೆ ನೂಕುತ್ತಿತ್ತು, ಅಷ್ಟೇ ಸೆಕೆ ಗಾಳಿ ಸಿಕ್ಕ ಸಿಕ್ಕ ಸಂದಿಯಿಂದ ಒಳಗೆ ಬರುತ್ತಿತ್ತು. ಏಸಿ ಒಂದು ಕಡೆ ಒಣಗಿಸೋದು, ನಾವು ಇನ್ನೊಂದು ಕಡೆ ತೇವ ತುಂಬಿಸೋದು.

ಎಕ್ಸಾಸ್ಟ್‌ಗೆ ತಾನಾಗಿ ಮುಚ್ಚಿಕೊಳ್ಳುವ ಮುಚ್ಚಳ ಹಾಕಿದೆ, ಸ್ನಾನವಾಗಿ ಕಾಲು ಗಂಟೆಗೆ ಆಫ್. ಪೈಪಿನ ತೂತಿಗೆ ಪುಟ್ಟಿ, ಬಾಗಿಲ ಕೆಳಗೆ ಬ್ರಷ್ ಪಟ್ಟಿ. ಒಂದು ಮಧ್ಯಾಹ್ನದ ಕೆಲಸ. ಆ ವಾರದ ಸರಾಸರಿ ಮೂರೂವರೆ ಲೀಟರ್ ನೀರು, 7 ಯೂನಿಟ್ ಕರೆಂಟ್. ಆದರೆ ಒಂದು ಮಾತು: ಒಲೆ, ಗ್ಯಾಸ್ ಗೀಸರ್, ಕೆಂಡ, ಹೀಗೆ ಬೆಂಕಿ ಉರಿಯುವ ಯಾವುದೇ ಜಾಗವನ್ನು ಹೀಗೆ ಬಿಗಿಯಾಗಿ ಮುಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಆಮೇಲೆ ಕಿಟಕಿ. ಪಶ್ಚಿಮದ ಗೋಡೆಯಲ್ಲಿ 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಗಾಜು. ಸಂಜೆ ಬಿಸಿಲು ನೇರ ಬೀಳುವಾಗ ಒಂದು ಚದರ ಮೀಟರಿಗೆ 600 ವ್ಯಾಟ್ ಅಂತ ಹಿಡಿದರೂ, ಮಾಮೂಲಿ ಗಾಜು ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಒಳಗೆ ಬಿಡುತ್ತದೆ. ಮುಕ್ಕಾಲು ಕಿಲೋವ್ಯಾಟಿಗೂ ಜಾಸ್ತಿ. ಅಂದ್ರೆ ಏಸಿ ಕೋಣೆಯಲ್ಲಿ ಒಂದು ಹೀಟರ್ ಹಚ್ಚಿಟ್ಟ ಹಾಗೆ, ಅಲ್ವಾ? ದಪ್ಪ ಪರದೆ ಇತ್ತು, ಆದರೆ ಬಿಸಿಲು ಗಾಜು ದಾಟಿ ಪರದೆ ಮುಟ್ಟುವಷ್ಟರಲ್ಲಿ ಶಾಖ ಒಳಗೆ ಬಂದಾಗಿರುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಹೊರಗಡೆ, ಗಾಜಿನಿಂದ ಒಂದು ಗೇಣು ದೂರದಲ್ಲಿ ಬಿದಿರಿನ ಚಾಪೆ ಇಳಿಬಿಟ್ಟೆ. 6 ಯೂನಿಟ್‌ಗೆ ಇಳಿಯಿತು.

ಚಾವಣಿ ನನಗೆ ಪಾಠ ಕಲಿಸಿದ ಜಾಗ. ರಾತ್ರಿ ಹತ್ತಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಕೋಣೆಯ ಗಾಳಿ 25 ಡಿಗ್ರಿ, ಚಾವಣಿಯ ಒಳಮೈ 39. ಕಾಂಕ್ರೀಟ್ ಮಧ್ಯಾಹ್ನ ಕುಡಿದ ಬಿಸಿಲನ್ನು ನಾಲ್ಕೈದು ಗಂಟೆ ತಡವಾಗಿ, ಸರಿಯಾಗಿ ನಾವು ಮಲಗುವ ಹೊತ್ತಿಗೆ, ಕೆಳಗೆ ಬಿಡುತ್ತದೆ. ಗಾಳಿ ಎಷ್ಟೇ ತಣ್ಣಗಿದ್ದರೂ ತಲೆ ಮೇಲೆ ಕಾದ ಹೆಂಚು ಇದ್ದ ಹಾಗೆ ಅನ್ನಿಸುತ್ತಿದ್ದುದು ಇದಕ್ಕೇ. (ಈ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ. ಅಲ್ಯೂಮಿನಿಯಂ ಫ್ರೇಮ್ ಅಳೆಯಬೇಕಾದರೆ ಮೊದಲು ಒಂದು ತುಂಡು ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಿರಿ.) ತಾರಸಿ ಉಜ್ಜಿ ತೊಳೆದು, ಬಿರುಕು ಮುಚ್ಚಿ, ಬಿಸಿಲು ವಾಪಸ್ ಎಸೆಯುವ ಬಿಳಿ ಬಣ್ಣ ಎರಡು ಕೋಟ್ ಹೊಡೆದೆ. ಚಾವಣಿ 33ಕ್ಕೆ ಬಂತು, ಮೀಟರ್ 4.6ಕ್ಕೆ. ಮರುವರ್ಷ ನೋಡಿದರೆ ಚಾವಣಿ ಮತ್ತೆ 35. ಬಣ್ಣ ಹೋಗಿರಲಿಲ್ಲ, ಧೂಳು ಕೂತಿತ್ತು. ಪೊರಕೆ, ನೀರು, ಅರ್ಧ ದಿನ. ಬಿಳಿ ತಾರಸಿ ಮಾಡಿದವರು ಪ್ರತಿ ಬೇಸಿಗೆಗೆ ಮುಂಚೆ ಇದನ್ನು ಮಾಡಲೇಬೇಕು.

ಎಲ್ಲವೂ ಗೆದ್ದಿತು ಅಂತೇನಿಲ್ಲ. ಏಸಿಯ ಹೊರಗಿನ ಪೆಟ್ಟಿಗೆಗೆ ಬಿಸಿಲು ಬೀಳಬಾರದು ಅಂತ ಮೂರು ಕಡೆ ಹಲಗೆ ಹೊಡೆದು ಅಚ್ಚುಕಟ್ಟಾದ ಗೂಡು ಕಟ್ಟಿದೆ. ಆ ವಾರ ಅರ್ಧ ಯೂನಿಟ್ ಜಾಸ್ತಿ ಬಂತು. ಅದು ಉಗುಳಿದ ಬಿಸಿ ಗಾಳಿಗೆ ಹೋಗಲು ದಾರಿಯಿಲ್ಲದೆ, ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಗೂಡು ಈಗ ಬೆಕ್ಕಿನ ಮನೆ.

ಕೊನೆಗೆ ರಿಮೋಟ್. 24 ಇದ್ದಿದ್ದನ್ನು 27 ಮಾಡಿ ಸೀಲಿಂಗ್ ಫ್ಯಾನ್ ಹಾಕಿದೆ. ಹಳೆಯ 75 ವ್ಯಾಟ್ ಫ್ಯಾನ್ ಬದಲು ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟರಿನದು, 30 ವ್ಯಾಟ್. ಫ್ಯಾನ್ ತಂಪು ಮಾಡೋದು ಮನುಷ್ಯರನ್ನು, ಕೋಣೆಯನ್ನಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಅದು ಸುಮ್ನೆ ಕರೆಂಟ್ ತಿನ್ನುತ್ತದೆ. ಏಸಿಯ ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯುತ್ತೇನೆ. ಈಗ ರಾತ್ರಿಗೆ ಫ್ಯಾನೂ ಸೇರಿ 3.3 ಯೂನಿಟ್.

ಚಳಿಗಾಲಕ್ಕೆ ಇದೇ ಸಂದಿಗಳು ತಿರುಗಾಮುರುಗಾ. ಬಿಸಿ ಗಾಳಿ ಮೇಲಿನ ಸಂದಿಗಳಿಂದ ಜಾರಿಹೋಗುತ್ತದೆ, ತಣ್ಣನೆಯದು ಕೆಳಗಿನಿಂದ ನುಗ್ಗುತ್ತದೆ. ಬಾಗಿಲ ಪಟ್ಟಿ ಆಗಲೂ ಕೆಲಸಕ್ಕೆ ಬಂತು. ಹೀಟರ್ ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. ಎಣ್ಣೆಯದಿರಲಿ, ಕಾಯಿಲಿನದಿರಲಿ, ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ. ಯಾವ ಬ್ರ್ಯಾಂಡಿಗೂ ಅದಕ್ಕಿಂತ ಜಾಸ್ತಿ ಕೊಡೋಕೆ ಆಗಲ್ಲ. ಹಾಲ್‌ನ ಏಸಿಗೆ ಬಿಸಿ ಮಾಡುವ ಮೋಡ್ ಇತ್ತು. ನಾಲ್ಕು ವರ್ಷ ಆ ಬಟನ್ ಒತ್ತಿಯೇ ಇರಲಿಲ್ಲ! ಅದು ಹೊರಗಿನ ಗಾಳಿಯಿಂದ ಶಾಖ ಎತ್ತಿ ಒಳಗೆ ತರುತ್ತದೆ, ಸಾಧಾರಣ ಚಳಿಯಲ್ಲಿ ಒಂದಕ್ಕೆ ಮೂರರಷ್ಟು. ಚಳಿ ಹೆಚ್ಚಾದಷ್ಟೂ ಈ ಲಾಭ ಇಳಿಯುತ್ತದೆ. ಮಲಗುವಾಗ 2000 ವ್ಯಾಟ್ ಹೀಟರಿನ ಬದಲು 100 ವ್ಯಾಟಿನ ಎಲೆಕ್ಟ್ರಿಕ್ ಹೊದಿಕೆ, ಅದೂ ಹಾಸಿಗೆ ಬಿಸಿಯಾಗುವ ತನಕ ಮಾತ್ರ.

ಒಂದು ತಲೆನೋವು ಉಳಿದಿದೆ. ಕೋಣೆಗೆ ಬರುವ ಶಾಖ ಇಷ್ಟು ಇಳಿದ ಮೇಲೆ ಒಂದೂವರೆ ಟನ್ನಿನ ಏಸಿ ಇನ್ನೂ ಅತಿಯಾಯಿತು. ಐದಾರು ನಿಮಿಷಕ್ಕೇ ನಿಲ್ಲುತ್ತದೆ, ಮಳೆಗಾಲದ ರಾತ್ರಿಗಳಲ್ಲಿ ಹಾಸಿಗೆ ಮತ್ತೆ ಅಂಟು. ಸದ್ಯಕ್ಕೆ ಏಸಿಯ ಡ್ರೈ ಮೋಡ್‌ನಲ್ಲಿ, ಅಂದ್ರೆ ತೇವ ಇಳಿಸುವ ಮೋಡ್‌ನಲ್ಲಿ, ದಿನ ದೂಡುತ್ತಿದ್ದೇನೆ. ತೆಗೆಸಿದ ಆ ಒಂದು ಟನ್ನಿನ ಏಸಿಯೇ ಈಗ ಸರಿಯಾಗಿ ಸಾಕಾಗುತ್ತಿತ್ತು. ಅದನ್ನು ತಮ್ಮನಿಗೆ ಕೊಟ್ಟಿದ್ದೆ, ಅವನ ಮನೆಯಲ್ಲಿ ಚೆನ್ನಾಗಿ ಓಡುತ್ತಿದೆ. ಮೊನ್ನೆ ಹೋದಾಗ ಪೈಪಿನ ಕೆಳಗೆ ಬಕೆಟ್ ಇಟ್ಟು ಬಂದಿದ್ದೇನೆ. ಬೆಳಗ್ಗೆ ಫೋನ್ ಮಾಡಿದ್ದ, ಒಂಬತ್ತು ಲೀಟರಂತೆ.